ಮಗ್ಗ ಹೊತ್ತ ಹಡಗು ಮರಳಲ್ಲಿ ಕೂತಾಗ

ಈಜಿಪ್ತಿಗೆ ಹೋಗಿ ಬಂದ ಮೇಲೆ ನಮ್ಮ ಓಣಿಯಲ್ಲಿ ಯಾರು ಸಿಕ್ಕರೂ ಕೇಳುವುದು ಒಂದೇ ಮಾತು. "ಪಿರಮಿಡ್ಡ ಹೆಂಗ ಅದಾವ್ರಿ ಅಕ್ಕಾರ? ಖರೇನ ಅಷ್ಟ ಎತ್ತರ ಅದಾವೇನು?" ಹಾಲು ಹಾಕುವವಳು ಕೇಳಿದಳು, ಬ್ಯಾಂಕಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರೂ ಕೇಳಿದರು. ನಾವು ಪಿರಮಿಡ್ಡು ನೋಡಲಿಲ್ಲ. ಅದಕ್ಕೆಂದು ತೆಗೆದಿಟ್ಟ ದಿನಗಳನ್ನೆಲ್ಲ ಒಂದು ಹಡಗು ತಿಂದು ಹಾಕಿತು. ಆ ಹಡಗಿನ ಸಂಗತಿ ಹೇಳಲು ಕೂತರೆ ಅರ್ಧಕ್ಕೇ ಯಾರದೋ ಕುಕ್ಕರ್ ಕೂಗುತ್ತದೆ, ಯಾರದೋ ಫೋನು ಬರುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಸುಯೆಜ್ ಕಾಲುವೆಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡು ಎಲ್ಲರ ಟೀವಿಯಲ್ಲೂ ಬಂದಿತ್ತಲ್ಲ, ಆ ಹಡಗಲ್ಲ ಇದು. ಇದು ಅದಾದ ಮೇಲಿನದು, ಅದಕ್ಕಿಂತ ಸಣ್ಣದು. ಸಣ್ಣದು ಅಂದರೂ ನಮ್ಮ ಓಣಿಯ ಅಷ್ಟೂ ಮನೆಗಳನ್ನು ಹೊತ್ತು ಮೇಲೆ ಜಾಗ ಉಳಿಸಿಕೊಳ್ಳುವಂಥದ್ದು. ಇಲ್ಲಿಯ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತಂತೆ. ಆದರೆ ಅದರ ಹೊಟ್ಟೆಯೊಳಗೆ ನಮ್ಮ ಮಗ್ಗ ಇತ್ತು.

ಅದು ನಮ್ಮತ್ತೆಯವರ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಬೆಟಗೇರಿಯ ನಮ್ಮ ಓಣಿಯಲ್ಲಿ ಅಂಥದು ಉಳಿದದ್ದು ಅದೊಂದೇ. ಇಸ್ಮಾಯಿಲಿಯಾ ಎಂಬ ಊರಿನ ಕೈಕಸುಬಿನ ಮೇಳಕ್ಕೆ ಬಂದು ಕೂತು ನೇಯ್ದು ತೋರಿಸಿ ಎಂದು ಕರೆ ಬಂದಾಗ ನಮ್ಮ ಮನೆಯವರು, ಗುರುಸಿದ್ದಪ್ಪ, ಒಲ್ಲೆ ಅಂದರು. "ಅವ್ವನ ಮಗ್ಗ ಒಮ್ಮೆರೆ ಹೊಸ್ತಲಾ ದಾಟಿಲ್ಲ. ಸಮುದ್ರ ದಾಟಸ್ತೀಯೇನ ನೀ?" ಒಂದು ತಿಂಗಳು ಬೆನ್ನು ಹತ್ತಿ ಒಪ್ಪಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡಬೇಕು.

ಬಿಚ್ಚಿ ಪೆಟ್ಟಿಗೆ ಕಟ್ಟಲು ಲಕ್ಷ್ಮೇಶ್ವರದ ಬಡಿಗ ದಾವಲಸಾಬ ಬಂದರು. ತಿರುಗಿ ಜೋಡಿಸುವುದು ಅವರಿಗೇ ಗೊತ್ತಿದ್ದುದರಿಂದ ಅವರೂ ನಮ್ಮ ಜೊತೆ ಹೊರಟರು. ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ: ಮಗ್ಗವನ್ನು ಬರಿದು ಮಾಡಿ ಬಾಗಿಲು ದಾಟಿಸುವುದಿಲ್ಲ. ಬರಿ ಮಗ್ಗ ಹೊರಗೆ ಬಂತೆಂದರೆ ನೇಯುವವರು ತೀರಿಹೋದರು ಎಂದು ಅರ್ಥ. ಹೀಗಾಗಿ ಒಂದು ಮೊಳ ನೇಯ್ದಿದ್ದ ಕೆಂಪಂಚಿನ ಸೀರೆಯನ್ನು ಹಾಗೇ ಬಿಟ್ಟು, ಉಳಿದ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆಗಳ ಸಮೇತ ಸುತ್ತಿ ಪೆಟ್ಟಿಗೆಗೆ ಇಟ್ಟೆವು. ಜಾಗ ಉಳಿದಿತ್ತೆಂದು, ಮೇಳದಲ್ಲಿ ತೋರಿಸಲು ಇಟ್ಟ ನಾಲ್ಕು ಸೀರೆಗಳನ್ನೂ ಅದರಲ್ಲೇ ತುರುಕಿದೆ. ಕೈಯಲ್ಲಿ ಉಳಿದದ್ದು ಅಡ್ಡ ನೂಲು ಓಡಿಸುವ ಒಂದು ಲಾಳಿ. ಜಾಣರು ಯಾರೂ ಹೀಗೆ ಮಾಡುವುದಿಲ್ಲ ಎಂದು ಆಮೇಲೆ ತಿಳಿಯಿತು.

ಕೈರೋದಲ್ಲಿ ಒಡೆದ ರೊಟ್ಟಿ

ಪೆಟ್ಟಿಗೆ ಮೊದಲೇ ಹಡಗು ಹತ್ತಿತ್ತು. ನಾವು ವಿಮಾನಕ್ಕೆ ಹೋದಾಗ ಮುಂಬಯಿಯ ತಪಾಸಣೆಯಲ್ಲಿ ಲಾಳಿಯ ಹಿತ್ತಾಳೆ ಮೂತಿ ನೋಡಿ ಇದು ಆಯುಧ ಅಂದರು. ಅದು ದೊಡ್ಡ ಬ್ಯಾಗಿಗೆ ಹೋಯಿತು. ಕೈರೋದಲ್ಲಿ ಇಳಿದಾಗ ಅಧಿಕಾರಿಯೊಬ್ಬ ನನ್ನ ಗಂಟು ಬಿಚ್ಚಿ, ಹೊಂಬಳದ ಜೋಳದ ಕಡಕ್ ರೊಟ್ಟಿಯ ಅಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ. ಟಕ್ ಟಕ್ ಎಂದಿತು. ಇನ್ನೊಮ್ಮೆ ಬಡಿದ, ಮೇಲಿನದು ಒಡೆಯಿತು. ಆತನ ಮುಖ ಸಣ್ಣದಾಯಿತು.

"ತಿನ್ನಂತ ಹೇಳ್ರಿ ವೈನಿ," ಅಂದರು ದಾವಲಸಾಬ. ನಾನು ಒಂದು ಚೂರಿಗೆ ಶೇಂಗಾ ಚಟ್ನಿ ಉದುರಿಸಿ ಕೊಟ್ಟೆ. ಆತ ತಿಂದ, ಕಣ್ಣು ಅಗಲ ಮಾಡಿದ, ನೀರು ಕುಡಿದ, ಎದೆಯ ಮೇಲೆ ಕೈಯಿಟ್ಟು ನಮ್ಮನ್ನು ಬಿಟ್ಟ. ಈ ಎದೆಯ ಮೇಲೆ ಕೈಯಿಡುವುದು ಅಲ್ಲಿಯವರ ರೂಢಿ. ಬೇಡ ಅನ್ನಲೂ ಅದೇ, ಉಪಕಾರವಾಯಿತು ಅನ್ನಲೂ ಅದೇ. ಎರಡು ದಿನದಲ್ಲಿ ದಾವಲಸಾಬ ಕಲಿತರು.

ಇಸ್ಮಾಯಿಲಿಯಾ

ಊರು ಚೆಂದ. ಬೀದಿಗೆಲ್ಲ ಮರದ ನೆರಳು, ಹೊರವಲಯಕ್ಕೆ ಹೋದರೆ ಮಾವಿನ ತೋಟಗಳ ಹೂವಿನ ವಾಸನೆ. ನಮ್ಮನ್ನು ಇಳಿಸಿದ್ದು ಮಹಮೂದ್ ಎಂಬ ಹಿರಿಯರ ಮನೆಯಲ್ಲಿ. ಮೂವತ್ತು ವರ್ಷ ಕಾಲುವೆಯ ಹೂಳೆತ್ತುವ ಹಡಗಿನಲ್ಲಿ ದುಡಿದು ನಿವೃತ್ತರಾದವರು. ಅದಕ್ಕೂ ಮೊದಲು ಕೊಲ್ಲಿಯ ಬಂದರೊಂದರಲ್ಲಿ ನಮ್ಮ ದೇಶದವರ ಜೊತೆ ಇದ್ದು ಹಿಂದಿ ಕಲಿತಿದ್ದರು. ಅವರ ಹಿಂದಿ ಮತ್ತು ದಾವಲಸಾಬರ ಲಕ್ಷ್ಮೇಶ್ವರದ ಉರ್ದು ಮೊದಲ ಲೋಟ ಚಹಾಕ್ಕೇ ಒಂದಾದವು. ಇನ್ನು ಮುಂದೆ ಮಹಮೂದರ ಮಾತು ಎಂದು ನಾನು ಬರೆಯುವುದೆಲ್ಲ ದಾವಲಸಾಬ ನಮ್ಮ ಬಾಯಿಗೆ ತಿರುಗಿಸಿದ್ದೇ.

ಮೇಳ ಶುರುವಾಗುವ ಹಿಂದಿನ ದಿನ ಕೆಂಪು ಧೂಳಿನ ಗಾಳಿ ಎದ್ದಿತು. ಬಾಗಿಲು ಹಾಕಿಕೊಂಡು ಕೂತೆವು. ಸಂಜೆಗೆ ಮಹಮೂದ್ ಫೋನು ಹಿಡಿದು ಬಂದರು. ಯಾವತ್ತೂ ನಗುವ ಮುಖ ನಗಲಿಲ್ಲ.

"ವೈನಿ," ಎಂದರು ದಾವಲಸಾಬ, "ಗಾಳಿಗೆ ಒಂದ ಹಡಗ ಹೊಳ್ಳಿ ಮೂತಿ ದಂಡಿಯೊಳಗ ನೆಟ್ಟೈತಂತ. ಸುಯೆಜ್ ಊರಿಂದ ಈಚೆ ಕಡೆ. ಹೆಸರ ನಮ್ಮ ರಸೀದಿ ಮ್ಯಾಗಿನದ."

ನಮ್ಮ ಮನೆಯವರು ರಸೀದಿ ತೆಗೆದು ಅಕ್ಷರ ಅಕ್ಷರ ಹೋಲಿಸಿ ನೋಡಿದರು. ಮಡಚಿ ಕಿಸೆಗೆ ಇಟ್ಟರು. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಆ ರಾತ್ರಿ ಅವರು ಊಟ ಬಿಟ್ಟರು.

ಮೇಳದಲ್ಲಿ ನಮಗಾಗಿ, ಕುಣಿಯ ಬದಲಿಗೆ, ಎತ್ತರದ ಕಟ್ಟಿಗೆ ಪೀಠವೊಂದನ್ನು ಮಾಡಿಸಿಟ್ಟಿದ್ದರು. ಖಾಲಿ ಪೀಠದ ಮೇಲೆ ಒಂದು ಲಾಳಿ ಇಟ್ಟುಕೊಂಡು ಮೂವರೂ ಕೂತೆವು. ಬಂದವರು ಏನಿದು ಎಂದು ಕೇಳುವರು. ದಾವಲಸಾಬ ದಕ್ಷಿಣಕ್ಕೆ ಕೈಮಾಡಿ, "ಹಡಗ್ನಾಗ ಐತ್ರಿ" ಎಂಬುದನ್ನು ಕೈಯಲ್ಲೇ ಹೇಳುವರು. ಹಡಗಿನ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಜನ ಮೊದಲು ನಗುವರು, ಆಮೇಲೆ ಎದೆಯ ಮೇಲೆ ಕೈಯಿಡುವರು. ಒಬ್ಬ ಮುದುಕಿ ನಮ್ಮ ಮನೆಯವರ ಕೈಯಲ್ಲಿ ಎರಡು ಕಿತ್ತಳೆ ಇಟ್ಟು ಹೋದಳು. ಮಧ್ಯಾಹ್ನ ಯಾರೋ ಹೇಳಿದರು, ಹಡಗು ಹಗುರ ಮಾಡಲು ಪೆಟ್ಟಿಗೆಗಳನ್ನು ನೀರಿಗೆ ಎಸೆಯುತ್ತಾರಂತೆ ಎಂದು. ನಮ್ಮ ಮನೆಯವರು ಎದ್ದು ನಿಂತೇಬಿಟ್ಟರು.

"ಯಾರೂ ಎಸಿಯಂಗಿಲ್ಲ," ಅಂದರು ಮಹಮೂದ್. "ಇಲ್ಲಿ ಕುಂತ ಇಂಥಾ ಸುದ್ದಿ ಕೇಳಬ್ಯಾಡ್ರಿ. ನಡೀರಿ, ನಮ್ಮ ತಂಗಿ ಮನಿ ಮಾಳಿಗಿ ಮ್ಯಾಲಿಂದ ಹಡಗ ಕಾಣತೈತಿ. ಕಣ್ಣಿಂದ ನೋಡ್ರಿ."

ದಂಡೆಯ ಹಳ್ಳಿ

ಮಹಮೂದರ ತಂಗಿ ಫೌಜಿಯಾಳ ಊರು ಕಾಲುವೆಯ ಪಶ್ಚಿಮ ದಂಡೆಗೆ. ಹಸಿರು ಮೇವಿನ ಹೊಲಗಳು, ಕತ್ತೆಗಾಡಿಗಳು, ಮಾಳಿಗೆಗೊಂದು ಪಾರಿವಾಳದ ಗೂಡು. ಊರು ಮುಟ್ಟುವ ಮೊದಲೇ ಹಡಗು ಕಂಡಿತು. ನೀರು ಎಲ್ಲಿಯೂ ಕಾಣುತ್ತಿರಲಿಲ್ಲ. ಮೇವಿನ ಹೊಲದ ಆಚೆ, ಮನೆಗಳ ತಲೆಯ ಮೇಲೆ, ಸಾಲುಸಾಲು ಬಣ್ಣದ ಪೆಟ್ಟಿಗೆ ಹೊತ್ತ ಕಬ್ಬಿಣದ ಗೋಡೆಯೊಂದು ಓರೆಯಾಗಿ ನಿಂತಿತ್ತು. ನಮ್ಮ ಮನೆಯವರು ಒಂದೊಂದೇ ಪೆಟ್ಟಿಗೆಯನ್ನು ಕಣ್ಣಲ್ಲಿ ಹುಡುಕತೊಡಗಿದರು. ನಮ್ಮದು ಯಾವುದರೊಳಗೆ ಇದೆಯೋ ಯಾರಿಗೆ ಗೊತ್ತು.

ಮಾಳಿಗೆಗೆ ಹತ್ತಿದ ಮೇಲೆ ಕೆಲಸ ತಿಳಿಯಿತು. ಹಡಗಿನ ಮೂತಿ ಆಚೆ ದಂಡೆಯ ಮರಳಲ್ಲಿ, ಹಿಂಭಾಗ ಈಚೆ ದಂಡೆಯ ಹತ್ತಿರ. ಸುತ್ತಲೂ ಹಡಗು ಎಳೆಯುವ ಏಳೆಂಟು ಟಗ್ ದೋಣಿಗಳು. ಮೂತಿಯ ಪಕ್ಕಕ್ಕೆ ಹೂಳೆತ್ತುವ ಹಡಗೊಂದು ನಿಂತು ತಳದ ಮರಳನ್ನು ಹೀರಿ ಕೊಳವೆಯಲ್ಲಿ ದೂರಕ್ಕೆ ಉಗುಳುತ್ತಿತ್ತು. ಮೂತಿಯ ಬುಡದಲ್ಲೇ, ದಂಡೆಯ ಮೇಲೆ, ಹಳದಿ ಬಣ್ಣದ ಅಗೆಯುವ ಯಂತ್ರ ಒಂದೇ ಒಂದು. ನಮ್ಮಲ್ಲಿ ಚರಂಡಿ ತೋಡಲು ಬರುತ್ತದಲ್ಲ, ಅಂಥದ್ದು. ಆ ಕಬ್ಬಿಣದ ಬೆಟ್ಟದ ಕೆಳಗೆ ಅದು ಆಟಿಕೆಯಂತೆ ಕಂಡಿತು.

"ಅದನ್ನ ನಡಸಾಂವ ಈಕಿ ಗಂಡ, ರಜಬ್," ಅಂದರು ಮಹಮೂದ್.

ಫೌಜಿಯಾ ಮಾಳಿಗೆಯ ಒಲೆಯ ಮುಂದೆ ಕೂತು ಹಿಟ್ಟು ಬಡಿಯುತ್ತಿದ್ದಳು. ನನ್ನ ವಯಸ್ಸಿನವಳೇ. ಒಂದು ರೊಟ್ಟಿ ಒಲೆಗೆ ಹಾಕುವಳು, ತಲೆಯೆತ್ತಿ ಹಳದಿ ಚುಕ್ಕೆ ನೋಡುವಳು, ಇನ್ನೊಂದು ಹಾಕುವಳು. ನಾನು ಪಕ್ಕಕ್ಕೆ ಕೂತು ಹಿಟ್ಟಿಗೆ ಕೈಹಾಕಿದೆ. ಆಕೆಯ ಹಿಟ್ಟು ತೀರ ತೆಳು. ನಮ್ಮಂತೆ ಬಡಿಯಲು ಹೋದರೆ ಮೊಣಕೈಗೆ ಹರಿಯಿತು. ಆಕೆ ನಕ್ಕು ನನ್ನ ಕೈ ಒರೆಸಿ, ರೊಟ್ಟಿ ಒಲೆಗೆ ಸರಿಸುವ ಕಟ್ಟಿಗೆಯ ಸಲಿಕೆ ಕೊಟ್ಟಳು. ಸಂಜೆಗೆ ಬಿಸಿ ರೊಟ್ಟಿ, ಬೇಯಿಸಿದ ಅವರೆ ಥರದ ಕಾಳು, ಹಸಿ ಉಳ್ಳಾಗಡ್ಡಿ ಕಟ್ಟಿ ದೋಣಿಯಲ್ಲಿ ಆಚೆ ದಂಡೆಗೆ ಕಳಿಸಿದಳು. ಅದರಲ್ಲಿ ನಾಲ್ಕು ಕಡಕ್ ರೊಟ್ಟಿ ನನ್ನವೂ ಹೋದವು.

ಆ ದಿನ ಟಗ್ಗುಗಳು ಎಳೆಯಲಿಲ್ಲ. ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. "ಇಷ್ಟ ದೋಣಿ ಇಟಗೊಂಡ ಸುಮ್ನ ಯಾಕ ನಿಂತಾರ? ಎಳೀರಲೇ ಅಂತ ಹೇಳ್ರಿ!"

"ಗುರಣ್ಣ, ಹೊಂಬಳದಾಗ ನಮ್ಮ ಬೀಗರ ಟ್ರ್ಯಾಕ್ಟರ್ ಎರಿ ಮಣ್ಣಿನ ಕೆಸರಾಗ ಕುಂತಿತ್ತು," ಅಂದರು ದಾವಲಸಾಬ. "ಮಂದಿ ಎಲ್ಲಾ ಹಿಂಗ, ಎಳಿ ಎಳಿ ಅಂತ. ಎಳದಂಗೆಲ್ಲಾ ಗಾಲಿ ಹೂತ ಹೋತು. ಕಡೀಕ ಗಾಲಿ ಬುಡದಾಗಿನ ಮಣ್ಣ ಕೈಲೆ ಕೆದರಿ ತಗದ್ವಿ."

ಮಹಮೂದ್ ಅದನ್ನು ಕೇಳಿ ತಿಳಿದು ಬಹಳ ಸಂತೋಷಪಟ್ಟರು. ಹಡಗಿನದೂ ಅಷ್ಟೇ ಎಂದರು. ಅವಸರದಲ್ಲಿ ಎಳೆದರೆ ನಡು ಮುರಿಯಬಹುದು. ಮೊದಲು ಬುಡದ ಮರಳು ತೆಗೆಯಬೇಕು. ಮೂತಿ ಮೇಲೇಳಲು ಹಡಗಿನ ಹೊಟ್ಟೆಯಲ್ಲಿ ತೂಕಕ್ಕೆಂದು ತುಂಬಿದ ನೀರನ್ನು ಮುಂದಿನ ಕಡೆಯಿಂದ ಹೊರಹಾಕಬೇಕು. ಆಮೇಲೆ ಕಾಯಬೇಕು, ಹುಣ್ಣಿಮೆಗೆ ಸಮುದ್ರದ ನೀರು ಕಾಲುವೆಯೊಳಗೆ ಏರುತ್ತದೆ.

ಅಷ್ಟು ಕೇಳಿ ನಮ್ಮ ಮನೆಯವರು ಗೋಡೆಗೆ ಒರಗಿ ಕೂತರು. ತಮ್ಮಷ್ಟಕ್ಕೆ ಅಂದರು: "ಹಾಸ ಗಂಟ ಬಿದ್ರ ಅವ್ವಾನೂ ಜಗ್ಗಾಕ ಬಿಡ್ತಿರಲಿಲ್ಲ. ಉಗುರಿನ ತುದಿಲೆ ಸಡಲ ಮಾಡಂತಿದ್ಲು." ಎರಡು ದಿನದಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು.

ಮಾಳಿಗೆಯಲ್ಲಿ ಎರಡನೆಯ ದಿನ

ಮರುದಿನ ನೀರು ಸ್ವಲ್ಪ ಏರಿತೆಂದು ಒಮ್ಮೆ ಎಳೆದು ನೋಡಿದರು. ಟಗ್ಗುಗಳ ಹಿಂದೆ ನೀರು ಬೆಳ್ಳಗೆ ಕುದಿಯಿತು, ಹಗ್ಗಗಳು ನೀರಿನಿಂದ ಎದ್ದು ನೇರವಾದವು. ಊರಿನ ಮಾಳಿಗೆಗಳ ಮೇಲೆಲ್ಲ ಜನ. ಅರ್ಧ ತಾಸು ಎಳೆದರು. ಹಡಗು ಅಲುಗಲಿಲ್ಲ. ಅಲುಗಿದ್ದು ದಂಡೆ. ಮೂತಿಯ ಪಕ್ಕದ ಮರಳಿನ ದಿಬ್ಬ ಜರಿದು ಧೂಳಾಗಿ ಎದ್ದಿತು. ಧೂಳಿನಲ್ಲಿ ಹಳದಿ ಚುಕ್ಕೆ ಕಾಣದಾಯಿತು.

ಫೌಜಿಯಾ ಎದ್ದು ನಿಂತಳು. ಎರಡೂ ಕೈಗಳಿಂದ ಹಿಟ್ಟು ಇಳಿಯುತ್ತಿತ್ತು.  ಒಲೆಯಲ್ಲಿ ರೊಟ್ಟಿ ಕರಿಯಾಗುವ ವಾಸನೆ ಬಂದರೂ ನಾವ್ಯಾರೂ ತೆಗೆಯಲಿಲ್ಲ. ಎರಡು ದಿನದಿಂದ ಮಗ್ಗ ಮಗ್ಗ ಎಂದು ಕುದಿಯುತ್ತಿದ್ದ ನನಗೆ ಆಗ ನಾಚಿಕೆಯಾಯಿತು. ನಮ್ಮದು ಕಟ್ಟಿಗೆ ಮತ್ತು ನೂಲು.

ಧೂಳು ಇಳಿಯಿತು. ಯಂತ್ರ ಓರೆಯಾಗಿ ಮರಳಲ್ಲಿ ಅರ್ಧ ಹೂತಿತ್ತು. ಆಮೇಲೆ ಅದರ ಉದ್ದನೆಯ ಕೈ ಮೆಲ್ಲಗೆ ಮೇಲೆದ್ದು, ನೆಲಕ್ಕೆ ಊರಿ, ತನ್ನನ್ನು ತಾನೇ ಎತ್ತಿಕೊಂಡು ಹಿಂದೆ ಸರಿಯಿತು. ಮುದುಕರು ಕೋಲೂರಿ ಏಳುತ್ತಾರಲ್ಲ, ಥೇಟ್ ಹಾಗೆ. ಒಂದು ಗಳಿಗೆ ನಿಂತಿತು. ಮತ್ತೆ ಮುಂದೆ ಬಂದು ಅಗೆಯತೊಡಗಿತು.

"ಅಲಾ ಇವನ!" ಅಂದರು ದಾವಲಸಾಬ. "ಇಳದ ಬಂದ ಒಂದ ಕಪ್ ಚಾ ಆದ್ರೂ ಕುಡೀಬಾರದೇನ್ರಿ?"

ಫೌಜಿಯಾ ಕೂತಳು. ಕರಿಯಾದ ರೊಟ್ಟಿ ತೆಗೆದು ಪಾರಿವಾಳಗಳಿಗೆ ಮುರಿದು ಹಾಕಿದಳು.  ನಾನು ಅವಳ ಕೈಯಿಂದ ಸಲಿಕೆ ತೆಗೆದುಕೊಂಡು ಉಳಿದ ಹಿಟ್ಟನ್ನು ನಾನೇ ಸುಟ್ಟೆ. ಒಂದೂ ದುಂಡಗಾಗಲಿಲ್ಲ.

ಆ ಜನರ ಬಗ್ಗೆ ಒಂದು ಮಾತು ಹೇಳಬೇಕು. ಸೋತ ಎಳೆತ ಮುಗಿದ ಮೇಲೆ ಟಗ್ಗಿನವರು ಒಬ್ಬರಿಗೊಬ್ಬರು ಕೂಗಾಡುತ್ತಾರೆ, ನಿನ್ನ ತಪ್ಪು ನನ್ನ ತಪ್ಪು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹಗ್ಗ ಬಿಚ್ಚಿದರು, ಸುರುಳಿ ಸುತ್ತಿದರು, ದೋಣಿಯ ಅಂಚಿಗೆ ಕಾಲು ಇಳಿಬಿಟ್ಟು ಚಹಾ ಕುಡಿದರು. ಹೂಳೆತ್ತುವ ಹಡಗು ಒಂದು ಗಳಿಗೆಯೂ ಸದ್ದು ನಿಲ್ಲಿಸಲಿಲ್ಲ. ನಾಳೆ ಆಗುತ್ತದೆಯೇ ಎಂದು ಕೇಳಿದರೆ ಮಹಮೂದ್ ಆಕಾಶ ತೋರಿಸಿ, ದೇವರ ಇಚ್ಛೆ ಅಂದರು. ಆಮೇಲೆ ಜೇಬಿನಿಂದ ನೀರಿನ ಏರಿಳಿತದ ಚೀಟಿ ತೆಗೆದು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

ಹೋಳಿ ಹುಣ್ಣಿಮೆ

ಊರಲ್ಲಿ ಅವತ್ತು ಹೋಳಿ ಹುಣ್ಣಿಮೆ. ಇಲ್ಲಿ ಬಿಸಿಲು, ಪಾರಿವಾಳ, ಹಡಗು. ಹನ್ನೊಂದು ದಾಟಿದ ಮೇಲೆ ದಂಡೆಯ ಕಲ್ಲುಗಳ ಮೇಲಿನ ಹಸಿರು ಗೆರೆಯನ್ನು ನೀರು ಮುಚ್ಚಿತು. ಹಳದಿ ಯಂತ್ರ ಹಿಂದೆ ಸರಿದು ನಿಂತಿತು. ಟಗ್ಗುಗಳು ಕೆಲವು ಹಿಂಭಾಗಕ್ಕೆ ಹಗ್ಗ ಕಟ್ಟಿದವು, ಕೆಲವು ಮೂತಿಯ ಪಕ್ಕೆಗೆ ಹಣೆ ಹಚ್ಚಿ ನೂಕಲು ನಿಂತವು.

ನಾವು ಐವರೂ ಸಾಲಾಗಿ ನಿಂತೆವು. ನೋಡಲು ಏನೂ ಇರಲಿಲ್ಲ, ನಿಜವಾಗಿ. ಹೊಗೆ, ನೀರಿನ ನೊರೆ, ಅದೇ ಗೋಡೆ. ಕಣ್ಣಿಗೆ ನೀರು ಬಂತು. ಆಗ ನಮ್ಮ ಮನೆಯವರು ಮೆಲ್ಲಗೆ ಅಂದರು: "ಆ ಖಂಬ ನೋಡ."

ಎದುರು ಹೊಲದಲ್ಲಿ ಒಂದು ವಿದ್ಯುತ್ ಕಂಬ ಇತ್ತು. ಮೂರು ದಿನದಿಂದ ಅದು ಹಡಗಿನ ಮೇಲಿನ ಒಂದು ನೀಲಿ ಪೆಟ್ಟಿಗೆಗೆ ಸರಿಯಾಗಿ ನಿಂತಿತ್ತು. ನೇಯುವವರ ಕಣ್ಣು, ಎಳೆ ಒಂದು ಕೂದಲಷ್ಟು ಸರಿದರೂ ಅವರಿಗೆ ಕಾಣುತ್ತದೆ. ಈಗ ಕಂಬದ ಪಕ್ಕದಲ್ಲಿ ಕೆಂಪು ಪೆಟ್ಟಿಗೆಯ ಅಂಚು ಬಂದಿತ್ತು.

"ಸರಿತು," ಅಂದರು. ಯಾರೂ ನಂಬಲಿಲ್ಲ. "ಏ, ಸರಿತಲೇ ದಾವಲ್ಯಾ! ಸರಿತು!" ಎಂದು ಕೂಗಿದರು. ನನ್ನ ಮದುವೆಯಾದಂದಿನಿಂದ ಆ ದನಿ ನಾನು ಕೇಳಿರಲಿಲ್ಲ. ಕೆಂಪು ಪೆಟ್ಟಿಗೆ ಪೂರಾ ಬಂತು, ಅದರ ಹಿಂದೆ ಇನ್ನೊಂದು ಬಂತು. ಆಮೇಲೆ ಟಗ್ಗುಗಳೆಲ್ಲ ಒಟ್ಟಿಗೆ ಸಿಳ್ಳೆ ಹಾಕಿದವು, ಊರಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು, ಮಹಮೂದ್ ಕನ್ನಡಕ ತೆಗೆದು ಅಂಗಿಯಿಂದ ಒರೆಸುತ್ತ ಒರೆಸುತ್ತ ಕೂತುಬಿಟ್ಟರು. ಫೌಜಿಯಾ ನಾಲಿಗೆ ಆಡಿಸಿ ಹೆಣ್ಣುಮಕ್ಕಳು ಮದುವೆಯಲ್ಲಿ ಹಾಕುವ ಕೇಕೆ ಹಾಕಿದಳು. ಹೊಲದ ನಡುವೆ ಹಡಗು ಮೆಲ್ಲಗೆ ಹೊಳ್ಳಿ ಉತ್ತರಕ್ಕೆ ಮುಖ ಮಾಡಿತು.

ಮತ್ತೆ ಇಸ್ಮಾಯಿಲಿಯಾ

ಬಿಡಿಸಿದ ಕೂಡಲೇ ಪೆಟ್ಟಿಗೆ ಕೈಗೆ ಬರುವುದಿಲ್ಲ. ಹಡಗನ್ನು ಕಾಲುವೆಯ ನಡುವೆ ಬರುವ ದೊಡ್ಡ ಕೆರೆಗೆ ಒಯ್ದು ತಳ ಪರೀಕ್ಷೆ ಮಾಡಿದರು. ಅಷ್ಟರಲ್ಲಿ ಮೇಳ ಮುಗಿಯಿತು, ನಮ್ಮ ಪೀಠ ಬಿಚ್ಚಿದರು. ಪಿರಮಿಡ್ಡಿಗೆ ಹೋಗುವ ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ಬಂದರಿನಿಂದ ಫೋನು ಬಂದರೆ ಎಂದು ನಾವು ಮನೆ ಬಿಟ್ಟು ಕದಲಲಿಲ್ಲ. ವಾಪಸು ವಿಮಾನದ ಹಿಂದಿನ ಬೆಳಿಗ್ಗೆ ಲಾರಿ ಬಂದು ಮಹಮೂದರ ಮನೆಯ ಮುಂದೆ ನಿಂತಿತು.

ದಾವಲಸಾಬ ಮೊಳೆ ಕಿತ್ತರು. ನಮ್ಮ ಮನೆಯವರು ಒಳಗೆ ಕೈಹಾಕಿ ಮೊದಲು ಹಾಸನ್ನು ಮುಟ್ಟಿದರು. ಒಣಗಿತ್ತು. ಒಂದು ಎಳೆಯೂ ಹೋಗಿರಲಿಲ್ಲ. "ಆತು, ಮತ್ತ ಮುಚ್ಚರಿ," ಅಂದರು. "ಇಲ್ಲಿ ಪೀಠ ಇಲ್ಲ, ಕುಣಿ ಇಲ್ಲ. ಮನಿಗೆ ಹೋಗ್ಲಿ ಇದು."

ಅಷ್ಟರಲ್ಲಿ ಫೌಜಿಯಾ ಮತ್ತು ರಜಬ್ ಬಂದರು. ದೂರದಿಂದ ಹಳದಿ ಚುಕ್ಕೆಯಾಗಿ ಕಂಡಿದ್ದ ಮನುಷ್ಯ ಹತ್ತಿರದಲ್ಲಿ ಗಿಡ್ಡ, ತೆಳ್ಳಗೆ, ಕಣ್ಣು ಮರಳಿಗೆ ಇನ್ನೂ ಕೆಂಪಗೆ. ನೋಡಲು ಬಂದಿದ್ದು ಮಗ್ಗವನ್ನು. ಯಾಕೆ ಕಟ್ಟುತ್ತಿಲ್ಲ ಎಂದು ಕೇಳಿದ. ಕುಣಿ ಬೇಕು ಎಂದು ದಾವಲಸಾಬ ಕೈಯಿಂದ ಆಕಾರ ತೋರಿಸಿದರು. ರಜಬ್ ಜೋರಾಗಿ ನಕ್ಕ. ಅಂಗಳದ ಮೂಲೆಯಿಂದ ಸಲಿಕೆ ತಂದ.

ಆದರೆ ಒಮ್ಮೆಲೇ ಅಗೆಯಲಿಲ್ಲ. ನಮ್ಮ ಮನೆಯವರನ್ನು ಒಂದು ಕಟ್ಟೆಯ ಮೇಲೆ ಕೂರಿಸಿದ. ಮುಂದೆ ಮೊಣಕಾಲೂರಿ, ಅವರ ಮೊಣಕಾಲಿನಿಂದ ಹಿಮ್ಮಡದವರೆಗೆ ಗೇಣು ಹಾಕಿ ಅಳೆದ. ಇನ್ನೊಮ್ಮೆ ಅಳೆದ. ಎದ್ದು ಅಗೆದ. ಮಣ್ಣು ಮರಳು ಮರಳಾಗಿತ್ತು, ಅಂಚು ಜರಿಯದಂತೆ ನೀರು ಚಿಮುಕಿಸಿ ಸಲಿಕೆಯ ಬೆನ್ನಿನಿಂದ ಬಡಿದು ಕೂರಿಸಿದ. ಸಾಕು ಸಾಕು ಅಂದರೂ ಕೇಳದೆ ನಾಲ್ಕು ಮೂಲೆ ಸರಿಮಾಡಿದ.

ಮಧ್ಯಾಹ್ನಕ್ಕೆ ಮಗ್ಗ ನಿಂತಿತು. ನಮ್ಮ ಮನೆಯವರು ಕುಣಿಯಲ್ಲಿ ಕಾಲು ಇಳಿಸಿ ಕೂತು, ಲಾಳಿ ಎತ್ತಿ, ಎಸೆಯದೆ ಕೆಳಗಿಟ್ಟರು. ನಾನು ಹೆದರಿದೆ.

"ಏನಾತ್ರಿ?"

"ಏನಿಲ್ಲ. ಇವತ್ತ ಮೊಣಕಾಲ ನೋಯಾಕತ್ತಿಲ್ಲ."

ಆಮೇಲೆ ಲಾಳಿ ಓಡಿತು. ಅಂಗಳಕ್ಕೆ ನೆರೆಯವರೆಲ್ಲ ಬಂದರು. ಒಂದು ಗೇಣು ನೇಯ್ದು ರಜಬನನ್ನು ಹತ್ತಿರ ಕರೆದರು. ಆತ ಬಟ್ಟೆಯನ್ನು ಬೆರಳಿನಿಂದ ಮುಟ್ಟಲಿಲ್ಲ. ತನ್ನ ಬಿರುಕು ಬೆರಳಿಗೆ ಎಳೆ ಸಿಕ್ಕೀತೆಂದು ಕೈ ತಿರುಗಿಸಿ ಅಂಗೈಯ ಹಿಂಭಾಗದಿಂದ ಸವರಿದ. ನಮ್ಮ ಮನೆಯವರು ನನ್ನ ಕಡೆ ನೋಡಿದರು. ಹಡಗು ಸಿಕ್ಕಿಕೊಂಡ ಸುದ್ದಿ ಬಂದ ಮೇಲೆ ಮೊದಲ ಸಲ. "ಕಳಿಸಿದ್ದ ಚಲೋ ಆತ ಬಿಡು," ಅಂದರು.

ಬೆಟಗೇರಿ

ಮಗ್ಗ ಊರಿಗೆ ಬರಲು ಮತ್ತೆ ಎರಡು ತಿಂಗಳು ಹಿಡಿಯಿತು. ದಾವಲಸಾಬ ಬಂದು ಜೋಡಿಸಿದರು. ನಮ್ಮ ಮನೆಯವರು ಅತ್ತೆಯವರ ಕುಣಿಯಲ್ಲಿ ಕಾಲು ಇಳಿಬಿಟ್ಟು, ಎರಡು ಸಲ ಲಾಳಿ ಎಸೆದು, ಎದ್ದರು. ನಮ್ಮತ್ತೆ ಗಿಡ್ಡ ಇದ್ದರು. ಕುಣಿ ಅವರ ಕಾಲಿನ ಅಳತೆಯದು. ಅದರಲ್ಲೇ ಕಾಲು ಮಡಚಿಕೊಂಡು ಇವರು ಮೂವತ್ತು ವರ್ಷ ನೇಯ್ದಿದ್ದಾರೆ. ಪ್ರತಿ ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕಿದವಳು ನಾನು. ಕುಣಿ ಅಳೆಯಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಸಲಿಕಿ ಕೊಡ," ಅಂದರು.

"ಅತ್ತಿಯವರ ಕುಣಿರಿ ಅದು."

"ಅವ್ವ ಇದ್ದಿದ್ರ ತಾನ ಅಗೀತಿದ್ಲು. ಯಾರೂ ಅಳದ ನೋಡಿದ್ದಿಲ್ಲ, ಅಷ್ಟ." ಕಟ್ಟೆಯ ಮೇಲೆ ಕೂತು, ಮೊಣಕಾಲಿನಿಂದ ಹಿಮ್ಮಡದವರೆಗೆ ತಮ್ಮ ಗೇಣಿನಿಂದ ತಾವೇ ಅಳೆದುಕೊಂಡರು. ಇನ್ನೊಮ್ಮೆ ಅಳೆದರು. ಕುಣಿಗೆ ಇಳಿದರು. ನಾನು ಬುಟ್ಟಿ ಹಿಡಿದು ಅಂಚಿಗೆ ಕೂತೆ. ನಾಲ್ಕು ಬೆರಳು ಆಳ, ಅಷ್ಟೇ. ಮೂರು ಬುಟ್ಟಿ ಮಣ್ಣು ಬಂತು.